ಬಣ್ಣದ ಕೋಲುಗಳ ಬೆನ್ನು ಹತ್ತಿ: ಇಂಗ್ಲೆಂಡಿನಲ್ಲಿ ಒಂಬತ್ತು ದಿನ

ನಮ್ಮ ಅಜ್ಜ ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ತಳವಾರರಾಗಿದ್ದರು. ರಾತ್ರಿ ಗಸ್ತು ತಿರುಗುವುದು, ಡಂಗುರ ಹೊಡೆಯುವುದು, ಚಾವಡಿಗೆ ಜನರನ್ನು ಕರೆಯುವುದು, ಕಂದಾಯದ ದುಡ್ಡು ತಾಲ್ಲೂಕು ಕಚೇರಿಗೆ ಹೋಗುವಾಗ ಕಾವಲಿಗೆ ಹೋಗುವುದು, ಇವೆಲ್ಲ ಅವರ ಕೆಲಸ. ಸಂಬಳ ಅಂತ ಇರಲಿಲ್ಲ. ಸ್ವಲ್ಪ ಇನಾಮು ಜಮೀನು, ಸುಗ್ಗಿಯಲ್ಲಿ ಆಯ, ಅಷ್ಟೇ. ಅವರ ಹತ್ತಿರ ಒಂದು ಕೋಲು ಇತ್ತು, ತುದಿಗೆ ಹಿತ್ತಾಳೆ ಕಟ್ಟು ಹಾಕಿದ್ದು. 1961ರ ಕಾಯ್ದೆ ಬಂದು ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳು ಹೋದವು. ಆಮೇಲೆ ಯಾವಾಗಲೋ ಮನೆ ರಿಪೇರಿ ಮಾಡುವಾಗ ಆ ಕೋಲೂ ಹೋಯಿತು. ಉಳಿದಿದ್ದು ಅಜ್ಜನ ಹಿತ್ತಾಳೆ ಬಿಲ್ಲೆ ಮಾತ್ರ.

ನನ್ನ ಸಂಗ್ರಹ ಶುರುವಾಗಿದ್ದು ಆ ಬಿಲ್ಲೆಯಿಂದ. ಹಳೆಯ ಡವಾಲಿ ಬಿಲ್ಲೆಗಳನ್ನು ಹುಡುಕಿಕೊಂಡು ಬೆಂಗಳೂರಿನ ಸಂಡೇ ಬಜಾರಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ದಿನ ಹಳೇ ಸಾಮಾನಿನ ರಾಶಿಯಲ್ಲಿ ಒಂದು ಗಿಡ್ಡ ಕಪ್ಪು ಕೋಲು ಕಂಡಿತು. ಅದರ ಮೇಲೆ ಬಂಗಾರದ ಬಣ್ಣದ ಕಿರೀಟ, ಕಿರೀಟದ ಕೆಳಗೆ ವಿ ಆರ್ ಅಂತ ಎರಡು ಇಂಗ್ಲಿಷ್ ಅಕ್ಷರ, ಅಂದರೆ ವಿಕ್ಟೋರಿಯಾ ರಾಣಿ. ಹೊಡೆಯುವ ಕೋಲಿಗೆ ಇಷ್ಟು ಚೆಂದದ ಚಿತ್ರ ಯಾಕೆ ಬರೆದರು ಅನ್ನುವ ಪ್ರಶ್ನೆ ಅವತ್ತು ತಲೆಗೆ ಹತ್ತಿದ್ದು ಇವತ್ತಿಗೂ ಇಳಿದಿಲ್ಲ. ಆ ಕೋಲಿಗೆ ಟ್ರಂಚನ್ ಅನ್ನುತ್ತಾರೆ. ಅದರ ಅಣ್ಣನಂತೆ ಇನ್ನೊಂದಿದೆ, ಟಿಪ್‌ಸ್ಟಾಫ್ ಅಂತ. ಹಿತ್ತಾಳೆಯದೋ ಮರದ್ದೋ ಚಿಕ್ಕ ದಂಡ, ತುದಿಯಲ್ಲಿ ಲೋಹದ ಕಿರೀಟ. ಕಳೆದ ಜೂನ್‌ನಲ್ಲಿ ಈ ಎರಡನ್ನೇ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಿಬಂದೆ. ಅಕ್ಕ ಭಾವ ಲೀಡ್ಸ್‌ನಲ್ಲಿ ಇರುವುದರಿಂದ ಅರ್ಧ ಖರ್ಚು ಉಳಿಯಿತು.

ಮೊದಲ ದಿನ, ಗುರುವಾರ

ಬೆಳಿಗ್ಗೆ ಹೀಥ್ರೋದಲ್ಲಿ ಇಳಿದು, ರೂಮಿನಲ್ಲಿ ಬ್ಯಾಗ್ ಇಟ್ಟು, ನಿದ್ದೆ ಬಂದರೆ ದಿನ ಹಾಳಾಗುತ್ತದೆ ಅಂತ ನೇರ ಸ್ಟ್ರಾಂಡ್ ರಸ್ತೆಗೆ ಹೋದೆ. ಅಲ್ಲಿ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಇದೆ. 1882ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟನೆ ಮಾಡಿದ ಕಟ್ಟಡ. ಹೊರಗಿನಿಂದ ಚರ್ಚಿನ ಹಾಗೆ ಕಾಣುತ್ತದೆ. ಬ್ಯಾಗ್ ತಪಾಸಣೆ ಮಾಡಿಸಿಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು, ಫೋಟೋ ಮಾತ್ರ ತೆಗೆಯುವ ಹಾಗಿಲ್ಲ.

ನಾನು ಇಲ್ಲಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಟಿಪ್‌ಸ್ಟಾಫ್ ಅನ್ನುವುದು ಬರೀ ಕೋಲಿನ ಹೆಸರಲ್ಲ, ಅದನ್ನು ಹಿಡಿದವನ ಹುದ್ದೆಯ ಹೆಸರೂ ಹೌದು. ಆ ಹುದ್ದೆ ಇವತ್ತಿಗೂ ಇದೆ. 14ನೇ ಶತಮಾನದಿಂದ ಬಂದದ್ದು ಅನ್ನುತ್ತಾರೆ. ಹೈಕೋರ್ಟಿನ ಟಿಪ್‌ಸ್ಟಾಫ್ ಈಗ ಜಾಸ್ತಿ ಮಾಡುವ ಕೆಲಸ ಮಕ್ಕಳಿಗೆ ಸಂಬಂಧಪಟ್ಟದ್ದು. ತಂದೆಯೋ ತಾಯಿಯೋ ಮಗುವನ್ನು ಕದ್ದು ದೇಶ ಬಿಟ್ಟು ಹೋಗುತ್ತಾರೆ ಅಂತಾದರೆ, ಕೋರ್ಟಿನ ಆದೇಶದ ಮೇಲೆ ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವುದು, ಮಗು ಎಲ್ಲಿದೆ ಅಂತ ಪತ್ತೆ ಮಾಡಿಸುವುದು ಇವರ ಜವಾಬ್ದಾರಿ. ಕೋಲಿನ ಹೆಸರು ಹೊತ್ತ ಹುದ್ದೆ ಕೊನೆಗೆ ಮಕ್ಕಳನ್ನು ಕಾಯುವ ಕೆಲಸಕ್ಕೆ ಬಂದು ನಿಂತಿದೆ. ಆ ದೊಡ್ಡ ಹಾಲ್‌ನಲ್ಲಿ ಒಂದು ಬೆಂಚಿನ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೆ.

ನಮ್ಮ ಭಾಷೆಯಲ್ಲಿ ಇದು ಇನ್ನೂ ಸಲೀಸು, ಅಲ್ವಾ? ದಂಡ ಅಂದರೆ ಕೋಲು. ದಂಡ ಅಂದರೆ ಶಿಕ್ಷೆ. ದಂಡ ಹಾಕಿದರು ಅಂದರೆ ದುಡ್ಡು ಕಟ್ಟಬೇಕು. ಮೂರಕ್ಕೂ ಒಂದೇ ಮಾತು.

ಎರಡನೇ ದಿನ, ಶುಕ್ರವಾರ

ಐದು ಗಂಟೆಗೇ ಎದ್ದೆ. ಜೂನ್‌ನಲ್ಲಿ ಲಂಡನ್‌ಗೆ ಅಷ್ಟೊತ್ತಿಗೆ ಬೆಳಕು ಬಂದಿರುತ್ತದೆ. ಥೇಮ್ಸ್ ನದಿಯ ದಕ್ಷಿಣಕ್ಕೆ ಬರ್ಮಂಡ್ಸಿ ಚೌಕದಲ್ಲಿ ಶುಕ್ರವಾರ ಬೆಳಿಗ್ಗೆ ಹಳೆಯ ವಸ್ತುಗಳ ಸಂತೆ ಸೇರುತ್ತದೆ. ಮೇಜುಗಳ ಮೇಲೆ ಬೆಳ್ಳಿ ಚಮಚ, ಗಡಿಯಾರ, ಔಷಧಿ ಬಾಟಲಿ, ಯಾರದೋ ಮದುವೆಯ ಫೋಟೋ.

ಈ ಸಂತೆಗೆ ಒಂದು ವಿಚಿತ್ರವಾದ ಕಾನೂನು ಇತ್ತು. ಇಂಥ ಹಳೆಯ ಸಂತೆಗಳಲ್ಲಿ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು, ಎಲ್ಲರ ಕಣ್ಣೆದುರು ಒಳ್ಳೆಯ ನಂಬಿಕೆಯಿಂದ ಕೊಂಡರೆ ಆ ವಸ್ತು ನಿಮ್ಮದೇ. ಅದು ಕದ್ದ ಮಾಲು ಅಂತ ಆಮೇಲೆ ಗೊತ್ತಾದರೂ ಹಳೆಯ ಮಾಲೀಕ ವಾಪಸ್ ಕೇಳುವ ಹಾಗಿರಲಿಲ್ಲ. ನೂರಾರು ವರ್ಷ ನಡೆದ ಈ ಪದ್ಧತಿ 1995ರ ಜನವರಿಯಲ್ಲಿ ನಿಂತಿತು.

ಅವತ್ತು ಒಂದೇ ಒಂದು ಟ್ರಂಚನ್ ಕಂಡಿತು. ಬಣ್ಣ ಇಲ್ಲದ್ದು, ಬರೀ ಪಾಲಿಶ್ ಮಾಡಿದ ಗಟ್ಟಿ ಮರ, ಹಿಡಿಯ ಹತ್ತಿರ ಗೀರು ಗೀರು, ಚರ್ಮದ ಪಟ್ಟಿ. ಇದು 20ನೇ ಶತಮಾನದ್ದು. 1880ರ ಸುಮಾರಿಗೆ ಬಣ್ಣ ಬಳಿಯುವ ಪದ್ಧತಿ ಕಡಿಮೆಯಾಗುತ್ತಾ ಹೋಯಿತು. ಅಷ್ಟು ಹೊತ್ತಿಗೆ ಪೊಲೀಸರಿಗೆ ಎಲ್ಲ ಕಡೆ ಸಮವಸ್ತ್ರ ಬಂದಿತ್ತು, ಇವನು ಪೊಲೀಸ್ ಅಂತ ಕೋಲು ನೋಡಿ ತಿಳಿಯಬೇಕಾದ ಅಗತ್ಯ ಉಳಿದಿರಲಿಲ್ಲ. ಆಮೇಲಿನ ಕೋಲು ಪ್ಯಾಂಟಿನ ಒಳಗಿನ ಉದ್ದ ಜೇಬಿಗೆ ಸೇರಿತು. ನಾನು ಕೊಳ್ಳಲಿಲ್ಲ. ಇನ್ನೊಂದು ಕಾರಣವೂ ಇತ್ತು. ಬ್ರಿಟನ್ನಿನಲ್ಲಿ 2004ರಿಂದ ನೇರ ಟ್ರಂಚನ್ ಮಾರುವುದು ನಿಷೇಧ, 2021ರಿಂದ ಮನೆಯಲ್ಲಿ ಇಟ್ಟುಕೊಳ್ಳುವುದೂ ನಿಷೇಧ. ನೂರು ವರ್ಷ ದಾಟಿದ್ದಕ್ಕೆ ಮಾತ್ರ ವಿನಾಯಿತಿ. ಆ ಮೇಜಿನ ಮೇಲಿದ್ದದ್ದು ನೂರು ದಾಟಿದೆಯೋ ಇಲ್ಲವೋ ನನಗೆ ಖಾತ್ರಿಯಾಗಲಿಲ್ಲ. ಖಾತ್ರಿ ಇಲ್ಲದ್ದನ್ನು ಮುಟ್ಟಬಾರದು.

ಮಧ್ಯಾಹ್ನ ಬೋ ಸ್ಟ್ರೀಟ್. ಹಳೆಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಟ್ಟಡದಲ್ಲಿ 2021ರಲ್ಲಿ ಒಂದು ಚಿಕ್ಕ ಪೊಲೀಸ್ ಮ್ಯೂಸಿಯಂ ತೆರೆದಿದ್ದಾರೆ. ಲಾಕಪ್ ಕೋಣೆಗಳೇ ಪ್ರದರ್ಶನದ ಕೋಣೆಗಳು. ಕುಡಿದು ಬಂದವರನ್ನೆಲ್ಲ ಒಟ್ಟಿಗೆ ಕೂಡುತ್ತಿದ್ದ ದೊಡ್ಡ ಕೋಣೆಯೊಳಗೆ ನಿಂತಾಗ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ.

1749ರಲ್ಲಿ ಇದೇ ಬೀದಿಯ ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್ ಬೆರಳೆಣಿಕೆಯ ಕಾನ್‌ಸ್ಟೆಬಲ್‌ಗಳನ್ನು ಸೇರಿಸಿ ಕಳ್ಳರನ್ನು ಹಿಡಿಯುವ ತಂಡ ಕಟ್ಟಿದರು. ಅವರ ನಂತರ ಮಲತಮ್ಮ ಜಾನ್ ಫೀಲ್ಡಿಂಗ್ ಅದನ್ನು ನಡೆಸಿದರು. ಜಾನ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಧ್ವನಿಯಿಂದಲೇ ಕಳ್ಳರನ್ನು ಗುರುತಿಸುತ್ತಿದ್ದರು ಅಂತ ಪ್ರತೀತಿ. ಬೋ ಸ್ಟ್ರೀಟ್ ರನ್ನರ್ಸ್ ಅಂತ ಜನ ಕರೆದ ಈ ಪೇದೆಗಳಿಗೆ ಸಮವಸ್ತ್ರ ಇರಲಿಲ್ಲ. ಎಲ್ಲರಂತೆ ಕೋಟು, ಎಲ್ಲರಂತೆ ಟೋಪಿ. ಹಾಗಾದರೆ ಇವನು ಸರ್ಕಾರದ ಮನುಷ್ಯ ಅಂತ ಎದುರಿನವನಿಗೆ ಹೇಗೆ ಗೊತ್ತಾಗಬೇಕು? ಜೇಬಿನಿಂದ ಗೇಣುದ್ದದ ಟಿಪ್‌ಸ್ಟಾಫ್ ತೆಗೆದು ಕಿರೀಟ ತೋರಿಸಬೇಕು. ಕೆಲವು ಟಿಪ್‌ಸ್ಟಾಫ್‌ಗಳ ಒಳಗೆ ಟೊಳ್ಳು ಇರುತ್ತದೆ. ಕಿರೀಟ ತಿರುಗಿಸಿ ಬಿಚ್ಚಿದರೆ ಒಳಗೆ ಸುರುಳಿ ಸುತ್ತಿದ ವಾರಂಟ್ ಇಡಬಹುದು. ರಾಜನ ಹೆಸರು ಹೊರಗೆ, ರಾಜನ ಆಜ್ಞೆ ಒಳಗೆ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿ ಮಾಡಿದ ಸರ್ಕಾರಿ ವಸ್ತುವನ್ನು ನಾನು ಬೇರೆ ನೋಡಿಲ್ಲ.

ಮೂರನೇ ದಿನ, ಶನಿವಾರ

ಪೋರ್ಟೊಬೆಲ್ಲೊ ರಸ್ತೆ. ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಾಗಾಗಿ ಎಂಟು ಗಂಟೆಗೆ ಹೋಗಿದ್ದೆ. ಒಂದು ಆರ್ಕೇಡಿನ ಒಳಗೆ, ಮೆಟ್ಟಿಲ ಕೆಳಗೆ, ಹಳೆಯ ಆಯುಧ ಮಾರುವ ಹಿರಿಯರೊಬ್ಬರ ಅಂಗಡಿ. ಗಾಜಿನ ಕಪಾಟಿನಲ್ಲಿ ಏಳು ಬಣ್ಣದ ಟ್ರಂಚನ್‌ಗಳು ಸಾಲಾಗಿ ನಿಂತಿದ್ದವು. ನನಗೆ ಆ ಕ್ಷಣ ಮಾತೇ ಹೊರಡಲಿಲ್ಲ. ಅವರು ಒಂದೊಂದನ್ನೇ ತೆಗೆದು ಕೈಗೆ ಕೊಟ್ಟರು. ಎರಡು ಗಂಟೆ ಅಲ್ಲೇ ಇದ್ದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕೋಲಿನ ವಯಸ್ಸು ಓದುವುದೇ ಈ ಹವ್ಯಾಸದ ಜೀವಾಳ.

ಮೊದಲು ಅಕ್ಷರ ನೋಡಬೇಕು. ಜಿ ಆರ್ ಇದ್ದರೆ ಜಾರ್ಜ್ ರಾಜರ ಕಾಲ. ಆದರೆ ಯಾವ ಜಾರ್ಜ್ ಅಂತ ಬರೆದಿರದಿದ್ದರೆ ತಲೆನೋವು. ಡಬ್ಲ್ಯೂ, ಪಕ್ಕದಲ್ಲಿ ರೋಮನ್ ನಾಲ್ಕು, ಆಮೇಲೆ ಆರ್ ಇದ್ದರೆ ನಾಲ್ಕನೇ ವಿಲಿಯಂ. ಅವನು ಆಳಿದ್ದು 1830ರಿಂದ 1837ರವರೆಗೆ ಏಳೇ ವರ್ಷ, ಆದ್ದರಿಂದ ಕಾಲದ ಲೆಕ್ಕ ಸಲೀಸು. ವಿ ಆರ್ ಇದ್ದರೆ 1837ರಿಂದ 1901ರವರೆಗೆ ಯಾವಾಗ ಬೇಕಾದರೂ ಆಗಬಹುದು.

ಆಮೇಲೆ ರಾಜಲಾಂಛನ. ಕೋಲಿನ ಮೇಲೆ ಪೂರ್ತಿ ಲಾಂಛನ ಬರೆದಿದ್ದರೆ ಅದೃಷ್ಟ. ಇಂಗ್ಲೆಂಡಿನ ರಾಜರು ಫ್ರಾನ್ಸ್ ಕೂಡ ನಮ್ಮದೇ ಅಂತ ಹೇಳಿಕೊಂಡು ಲಾಂಛನದಲ್ಲಿ ಫ್ರಾನ್ಸಿನ ಲಿಲ್ಲಿ ಹೂ ಇಟ್ಟುಕೊಂಡಿದ್ದರು. 1801ರಲ್ಲಿ ಅದನ್ನು ಬಿಟ್ಟರು. ಹಾಗಾಗಿ ಲಿಲ್ಲಿ ಕಂಡರೆ ಕೋಲು 1801ಕ್ಕಿಂತ ಹಿಂದಿನದು. 1801ರ ನಂತರ ಲಾಂಛನದ ನಡುವೆ ಜರ್ಮನಿಯ ಹ್ಯಾನೋವರ್ ನಾಡಿನ ಪುಟ್ಟ ಗುರಾಣಿ, ಅದರ ತಲೆ ಮೇಲೆ ಒಂದು ಟೋಪಿ. ಹ್ಯಾನೋವರ್ ರಾಜ್ಯದ ದರ್ಜೆಗೆ ಏರಿದ ಮೇಲೆ, 1816ರಿಂದ, ಆ ಟೋಪಿಯ ಜಾಗಕ್ಕೆ ಕಿರೀಟ ಬಂತು. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಹ್ಯಾನೋವರ್‌ನ ಕಾನೂನಿನಲ್ಲಿ ಹೆಣ್ಣಿಗೆ ಪಟ್ಟ ಇರಲಿಲ್ಲ, ಅದು ಅವಳ ಚಿಕ್ಕಪ್ಪನಿಗೆ ಹೋಯಿತು, ಆ ಪುಟ್ಟ ಗುರಾಣಿಯೂ ಮಾಯವಾಯಿತು. ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಇಷ್ಟೆಲ್ಲ ಇದೆ. ಭೂತಗನ್ನಡಿ ಹಿಡಿದು ಅದು ಟೋಪಿಯೋ ಕಿರೀಟವೋ ಅಂತ ನೋಡುವಾಗಿನ ಸುಖ ಇದೆಯಲ್ಲ, ಅದನ್ನು ಹೇಳಿ ತಿಳಿಸುವುದು ಕಷ್ಟ.

ಮೂರನೆಯದು ನಕಲಿ ಗುರುತಿಸುವುದು. ಎರಡು ವರ್ಷದ ಹಿಂದೆ ನಾನು ಒಬ್ಬ ವ್ಯಾಪಾರಿಯಿಂದ ಒಂದು ಜಾರ್ಜ್ ಕಾಲದ ಕೋಲು ತರಿಸಿ ಮೋಸ ಹೋಗಿದ್ದೆ. ಮರ ನಿಜವಾಗಿ ಹಳೆಯದು, ಬಣ್ಣ ಹೊಸದು. ಈ ಹಿರಿಯರು ಒಂದೇ ಮಾತಿನಲ್ಲಿ ಹೇಳಿಕೊಟ್ಟರು: ಪೆಟ್ಟು ಬಿದ್ದ ಗುಳಿಗಳನ್ನು ನೋಡು. ಬಣ್ಣ ಮೊದಲು ಬಂದು ಪೆಟ್ಟು ಆಮೇಲೆ ಬಿದ್ದಿದ್ದರೆ ಗುಳಿಯ ಅಂಚಿನಲ್ಲಿ ಬಣ್ಣ ಒಡೆದಿರುತ್ತದೆ. ಗುಳಿಯ ಒಳಗೆ ಬಣ್ಣ ನುಣ್ಣಗೆ ಹರಿದು ಕೂತಿದ್ದರೆ ಗುಳಿ ಹಳೆಯದು, ಬಣ್ಣ ನಿನ್ನೆಯದು. ನನ್ನ ಮನೆಯಲ್ಲಿರುವ ಆ ಕೋಲಿನ ಗುಳಿಗಳು ಕಣ್ಣ ಮುಂದೆ ಬಂದವು. ಅವೆಲ್ಲ ಬಣ್ಣ ತುಂಬಿಕೊಂಡೇ ಇವೆ.

ಮರದ ವಿಷಯವೂ ಬಂತು. ಆಶ್, ಬೀಚ್, ರೋಸ್‌ವುಡ್ ಎಲ್ಲದರಲ್ಲೂ ಮಾಡುತ್ತಿದ್ದರು. ರೋಸ್‌ವುಡ್ ನಮ್ಮ ಬೀಟೆಯ ಬಳಗದ್ದು. ತುಂಬಾ ಭಾರದ್ದು ಲಿಗ್ನಮ್ ವೀಟೆ. ನೀರಿಗೆ ಹಾಕಿದರೆ ಮುಳುಗುವ ಮರ ಅದು. ಈಗ ಅದು ಅಂತರರಾಷ್ಟ್ರೀಯ ರಕ್ಷಿತ ಪಟ್ಟಿಯಲ್ಲಿರುವುದರಿಂದ ದೇಶ ದಾಟಿಸಲು ಕಾಗದಪತ್ರದ ತೊಡಕು. ಅದನ್ನು ಬಿಟ್ಟುಬಿಡು ಅಂತ ಅವರೇ ಹೇಳಿದರು. ಹಿಡಿಯ ಮೇಲೆ ಕೆಲವೊಮ್ಮೆ ಮಾಡಿದವರ ಮುದ್ರೆ ಇರುತ್ತದೆ. ಲಂಡನ್ನಿನ ಹೋಬರ್ನ್‌ನ ಪಾರ್ಕರ್, ಬರ್ಮಿಂಗ್‌ಹ್ಯಾಮಿನ ಹಯಾಟ್, ಇವು ಆಗಿನ ದೊಡ್ಡ ಹೆಸರುಗಳು. ಎರಡೂ ಕಡೆ ಕೈಕೋಳವನ್ನೂ ಮಾಡುತ್ತಿದ್ದರು.

ಅಲ್ಲಿದ್ದ ಅತಿ ಚೆಂದದ ಕೋಲಿಗೆ 650 ಪೌಂಡ್ ಹೇಳಿದರು. ನನ್ನ ಪೂರ್ತಿ ಬಜೆಟ್ 200. ನಿಜ ಹೇಳಿದೆ. ಅವರಿಗೆ ಬೇಸರವಾಗಲಿಲ್ಲ. ಗುರುವಾರ ನಾಟಿಂಗ್‌ಹ್ಯಾಮ್ ಹತ್ತಿರದ ನ್ಯೂವಾರ್ಕ್‌ನ ಹಳೆಯ ವಸ್ತುಗಳ ಸಂತೆಗೆ ಹೋಗು ಅಂದರು.

ಸಂಜೆ ಕೆನ್ನಿಂಗ್ಟನ್ ಪಾರ್ಕಿಗೆ ಹೋದೆ. ಓವಲ್ ಕ್ರಿಕೆಟ್ ಮೈದಾನದ ಹತ್ತಿರವೇ ಇದೆ. 1848ರ ಏಪ್ರಿಲ್ 10ರಂದು ಇಲ್ಲಿ ಚಾರ್ಟಿಸ್ಟ್ ಚಳವಳಿಯ ಕೆಲಸಗಾರರು ಮತದಾನದ ಹಕ್ಕು ಕೇಳಲು ಸೇರಿದ್ದರು. ಸರ್ಕಾರ ಹೆದರಿ ಲಂಡನ್ನಿನ ಅಂಗಡಿಯವರು, ಗುಮಾಸ್ತರು, ಜಮೀನ್ದಾರರು ಎಲ್ಲರಿಗೂ ಪ್ರಮಾಣವಚನ ಮಾಡಿಸಿ ಸ್ಪೆಷಲ್ ಕಾನ್‌ಸ್ಟೆಬಲ್ ಮಾಡಿತು. 85,000 ಜನ ಅಂತ ಲೆಕ್ಕ ಹೇಳುತ್ತಾರೆ. ಆಮೇಲೆ ಫ್ರಾನ್ಸಿನ ಚಕ್ರವರ್ತಿಯಾದ ಮೂರನೇ ನೆಪೋಲಿಯನ್ ಕೂಡ ಅವತ್ತು ಲಂಡನ್ನಿನಲ್ಲಿ ಹೀಗೆ ಸ್ಪೆಷಲ್ ಕಾನ್‌ಸ್ಟೆಬಲ್ ಆಗಿದ್ದ. ಕೊನೆಗೆ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಒಂದು ದಿನದ ಪೊಲೀಸರ ಇಂಥ ಕೋಲುಗಳು ತಲೆಮಾರುಗಳ ಕಾಲ ಮನೆಗಳಲ್ಲಿ ಉಳಿದುಕೊಂಡವು. ಇವತ್ತು ನಮ್ಮಂಥವರ ಕೈಗೆ ಸಿಗುವುದು ಜಾಸ್ತಿ ಅವೇ.

ನಾಲ್ಕನೇ ದಿನ, ಭಾನುವಾರ

ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್‌ಗೆ ರೈಲು. ಅಕ್ಕ ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡಿ ಕಾಯುತ್ತಿದ್ದಳು. ಊಟ ಮಾಡಿ ಮಲಗಿದವನು ಎದ್ದಾಗ ಸಂಜೆ.

ಐದನೇ ದಿನ, ಸೋಮವಾರ

ಭಾವ ರಜೆ ಹಾಕಿ ರಿಪನ್‌ಗೆ ಕಾರಿನಲ್ಲಿ ಕರೆದುಕೊಂಡು ಹೋದರು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಇಷ್ಟವಾದ ಊರು ಇದು. ಚಿಕ್ಕದು, ಒಂದು ದೊಡ್ಡ ಚರ್ಚು, ಒಂದು ಸಂತೆ ಚೌಕ.

ಇಲ್ಲಿನ ಸೆರೆಮನೆ ಮತ್ತು ಪೊಲೀಸ್ ಮ್ಯೂಸಿಯಂ ಇರುವುದು 1816ರ ಹಳೆಯ ಜೈಲು ಕಟ್ಟಡದಲ್ಲಿ. ಆಮೇಲೆ ಅದೇ ಕಟ್ಟಡ ಪೊಲೀಸ್ ಠಾಣೆಯೂ ಆಗಿತ್ತು. ಇಲ್ಲಿ ಬಣ್ಣದ ಕೋಲುಗಳ ಮುಂದೆ ನಿಂತು ಭಾವ ಕೇಳಿದರು, "ಇದರಲ್ಲಿ ಹೊಡೆದರೆ ಬಣ್ಣ ಹೋಗಲ್ವೇನೋ?" ಅದೇ ಪ್ರಶ್ನೆ. ನಾನು ಹನ್ನೆರಡು ವರ್ಷದಿಂದ ಕೇಳಿಕೊಳ್ಳುತ್ತಿರುವುದೂ ಅದನ್ನೇ.

ಹೋಗುತ್ತದೆ, ಭಾವ. ಆದರೆ ಮೊದಲ ಕೆಲಸ ಹೊಡೆಯುವುದಾಗಿರಲಿಲ್ಲ. ಲಂಡನ್ ಪೊಲೀಸ್ ದಳ ಹುಟ್ಟಿದ 1829ಕ್ಕೆ ಮೊದಲು, ಹಳ್ಳಿಗಳಲ್ಲಿ ಅದಕ್ಕಿಂತ ಎಷ್ಟೋ ವರ್ಷ ಈಚೆಗೂ, ಇಂಗ್ಲೆಂಡಿನಲ್ಲಿ ಊರು ಕಾಯುತ್ತಿದ್ದವನು ಪ್ಯಾರಿಷ್ ಕಾನ್‌ಸ್ಟೆಬಲ್. ಅಂದರೆ ಊರವರಲ್ಲೇ ಒಬ್ಬ. ಒಂದು ವರ್ಷದ ಸರದಿ. ಸಂಬಳ ಇಲ್ಲ. ಅವನು ಬಡಗಿಯೋ ರೈತನೋ ಆಗಿರುತ್ತಿದ್ದ, ಸರದಿ ಮುಗಿದ ಮೇಲೆ ಮತ್ತೆ ಬಡಗಿ. ಸಮವಸ್ತ್ರ ಇಲ್ಲದ ಆ ಬಡಗಿ ನೆರೆಮನೆಯವನ ಬಾಗಿಲು ತಟ್ಟಿ ಬಾ ನನ್ನ ಜೊತೆ ಅಂದರೆ ಅವನು ಯಾಕೆ ಬರಬೇಕು? ಬಡಗಿ ತನ್ನ ಮನೆಯ ಬಾಗಿಲ ಮೇಲೆ ನೇತುಹಾಕಿರುತ್ತಿದ್ದ ಬಣ್ಣದ ಕೋಲು ಇವತ್ತು ಅವನ ಕೈಯಲ್ಲಿದೆ, ಅದರ ಮೇಲೆ ರಾಜನ ಕಿರೀಟ ಇದೆ, ಊರಿನ ಹೆಸರಿದೆ, ಅದಕ್ಕೆ. ಗಾಡಿ, ಬೋರ್ಡು ಬರೆಯುವ ಪೇಂಟರುಗಳೇ ಇದನ್ನೂ ಬರೆಯುತ್ತಿದ್ದರು, ಕೆಲವು ಊರಲ್ಲಿ ಚಿನ್ನದ ರೇಕು ಹಚ್ಚಿ. ಆ ಕೋಲು ಅವನ ಗುರುತಿನ ಚೀಟಿ. ಇದನ್ನು ಹೇಳುವಾಗ ನನಗೆ ಅಜ್ಜನ ಬಿಲ್ಲೆಯೇ ನೆನಪಿಗೆ ಬರುತ್ತಿತ್ತು. ಭಾವನಿಗೂ ಬಂದಿರಬೇಕು, ಅವರು ಏನೂ ಮಾತಾಡದೆ ಇನ್ನೊಂದು ಸಲ ಎಲ್ಲ ಕೋಲುಗಳನ್ನೂ ನೋಡಿದರು.

ರಾತ್ರಿ ಒಂಬತ್ತರವರೆಗೆ ಊರಲ್ಲೇ ಉಳಿದೆವು. ರಿಪನ್‌ನಲ್ಲಿ ಪ್ರತಿ ರಾತ್ರಿ ಒಂಬತ್ತು ಗಂಟೆಗೆ ಒಬ್ಬ ಸಂತೆ ಚೌಕದ ಕಂಬದ ನಾಲ್ಕು ಮೂಲೆಗಳಲ್ಲಿ ನಿಂತು ಕೊಂಬು ಊದುತ್ತಾನೆ. ಈ ಪದ್ಧತಿ 886ರಿಂದ ಬಂದದ್ದು ಅಂತ ಊರವರ ನಂಬಿಕೆ. ಹಿಂದೆ ಇಲ್ಲಿ ವೇಕ್‌ಮನ್ ಅಂತ ಒಬ್ಬ ಇರುತ್ತಿದ್ದ, ಅಂದರೆ ಎಚ್ಚರ ಇರುವವನು. ಮನೆಮನೆಯಿಂದ ಅವನಿಗೆ ಇಷ್ಟು ಅಂತ ದುಡ್ಡು. ಕೊಂಬು ಊದಿದ ಮೇಲೆ ಬೆಳಗಿನವರೆಗೆ ಯಾರ ಮನೆಯಲ್ಲಾದರೂ ಕಳ್ಳತನ ಆದರೆ ನಷ್ಟ ತುಂಬಿಕೊಡುವ ಹೊಣೆ ಅವನದು. 1604ರಲ್ಲಿ ವೇಕ್‌ಮನ್ ಹೋಗಿ ಮೇಯರ್ ಬಂದ. ದೇವರು ಪಟ್ಟಣವನ್ನು ಕಾಯದಿದ್ದರೆ ಕಾವಲುಗಾರ ಎಚ್ಚರವಿದ್ದೂ ವ್ಯರ್ಥ ಅನ್ನುವ ಬೈಬಲ್ ಮಾತು ಪುರಭವನದ ಹಣೆಯ ಮೇಲೆ ಈಗಲೂ ಇದೆ. ಜೂನ್ ಆದ್ದರಿಂದ ಒಂಬತ್ತಕ್ಕೂ ಬಿಸಿಲು ಉಳಿದಿತ್ತು. ಕೊಂಬಿನ ಸದ್ದು ಎತ್ತರ ಇಲ್ಲ, ಒಂದೇ ದಪ್ಪ ದನಿ, ದನ ಕೂಗಿದ ಹಾಗೆ. ಅಮ್ಮನಿಗೆ ಫೋನ್ ಮಾಡಿ ಕೇಳಿಸಬೇಕು ಅನ್ನಿಸಿತು, ಊರಲ್ಲಿ ಮಧ್ಯರಾತ್ರಿ ದಾಟಿದೆ ಅಂತ ಸುಮ್ನಾದೆ. ರೆಕಾರ್ಡ್ ಮಾಡಿಕೊಂಡೆ.

ಆರನೇ ದಿನ, ಮಂಗಳವಾರ

ರೈಲಿನಲ್ಲಿ ಮ್ಯಾಂಚೆಸ್ಟರ್, ಒಂದು ಗಂಟೆಯ ದಾರಿ. ನ್ಯೂಟನ್ ಸ್ಟ್ರೀಟಿನ 1879ರ ಠಾಣೆ ಈಗ ಪೊಲೀಸ್ ಮ್ಯೂಸಿಯಂ. ಸೆಲ್‌ನ ಹಲಗೆ ಮಂಚಕ್ಕೆ ದಿಂಬೂ ಮರದ್ದೇ. ಅದರ ಮೇಲೆ ತಲೆ ಇಟ್ಟು ನೋಡಿದೆ. ಒಂದು ನಿಮಿಷ ಆಗಲಿಲ್ಲ.

ಆದರೆ ನಾನು ಮ್ಯಾಂಚೆಸ್ಟರ್‌ಗೆ ಹೋಗಿದ್ದು ಪೀಟರ್ಲೂ ಹತ್ಯಾಕಾಂಡ ನಡೆದ ಜಾಗ ನೋಡಲು. 1819ರ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ, ಹೆಂಗಸರು ಮಕ್ಕಳು ಸೇರಿ, ಪಾರ್ಲಿಮೆಂಟಿನಲ್ಲಿ ತಮಗೂ ಪ್ರಾತಿನಿಧ್ಯ ಬೇಕು ಅಂತ ಸೇರಿದ್ದರು. ಮ್ಯಾಜಿಸ್ಟ್ರೇಟರು ನೂರಾರು ಸ್ಪೆಷಲ್ ಕಾನ್‌ಸ್ಟೆಬಲ್‌ಗಳನ್ನು ಕೋಲು ಕೊಟ್ಟು ಎರಡು ಸಾಲು ನಿಲ್ಲಿಸಿದರು. ಭಾಷಣಕಾರ ಹೆನ್ರಿ ಹಂಟ್‌ನನ್ನು ಹಿಡಿಯುವ ವಾರಂಟ್ ಡೆಪ್ಯುಟಿ ಕಾನ್‌ಸ್ಟೆಬಲ್ ಜೋಸೆಫ್ ನೇಡಿನ್ ಕೈಯಲ್ಲಿತ್ತು. ಸೈನ್ಯ ಇಲ್ಲದೆ ನನ್ನ ಕೈಲಾಗುವುದಿಲ್ಲ ಅಂತ ಅವನು ಹೇಳಿದ. ಕುದುರೆಗಳ ಮೇಲೆ ಕತ್ತಿ ಹಿಡಿದವರು ನುಗ್ಗಿದರು. 18 ಜನ ಸತ್ತರು, ನೂರಾರು ಜನಕ್ಕೆ ಗಾಯ. ಸತ್ತವರಲ್ಲಿ ಒಬ್ಬ ಸ್ವತಃ ಸ್ಪೆಷಲ್ ಕಾನ್‌ಸ್ಟೆಬಲ್, ಕುದುರೆ ಸವಾರರ ಕೈಗೇ ಸಿಕ್ಕಿ ಹೋದವನು.

ಆ ಜಾಗದ ಹತ್ತಿರ 2019ರಲ್ಲಿ ಸ್ಮಾರಕ ಕಟ್ಟಿದ್ದಾರೆ. ಸುತ್ತು ಸುತ್ತಾಗಿ ಏರುವ ಕಲ್ಲಿನ ಮೆಟ್ಟಿಲು, ಅದರ ಮೇಲೆ ಸತ್ತವರ ಹೆಸರು, ಅವರ ಊರುಗಳ ಹೆಸರು. ಬಹಳ ಹೊತ್ತು ಅಲ್ಲಿ ಕೂತಿದ್ದೆ. ಈ ಕೋಲುಗಳನ್ನು ಪ್ರೀತಿಸುವವರು ಇಲ್ಲಿಗೂ ಬರಲೇಬೇಕು ಅಂತ ನನ್ನ ಅಭಿಪ್ರಾಯ. ಕಿರೀಟ ಬರೆದ ಕೋಲಿಗೆ ಜನ ಮರ್ಯಾದೆ ಕೊಡುವವರೆಗೆ ಮಾತ್ರ ಅದಕ್ಕೆ ಬಲ. ಜನ ಹೊಟ್ಟೆಗಿಲ್ಲದೆ ಬೀದಿಗೆ ಬಂದಾಗ ಆ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಾಗಿ ಹತ್ತು ವರ್ಷಕ್ಕೆ, 1829ರ ಸೆಪ್ಟೆಂಬರ್ 29ರಂದು, ರಾಬರ್ಟ್ ಪೀಲ್ ಕಟ್ಟಿದ ಲಂಡನ್ ಪೊಲೀಸರು ಮೊದಲ ಸಲ ಗಸ್ತಿಗೆ ಇಳಿದರು. ಸೈನಿಕರ ಕೆಂಪು ಕೋಟು ನೋಡಿ ಜನ ಹೆದರಿದ್ದರು, ಅದಕ್ಕೆ ಇವರಿಗೆ ನೀಲಿ ಕೋಟು. ಕತ್ತಿ ಬಂದೂಕು ಇಲ್ಲ. ಟ್ರಂಚನ್ ಇತ್ತು, ಅದನ್ನೂ ಕೋಟಿನ ಹಿಂದಿನ ಜೇಬಿನಲ್ಲಿ ಕಾಣದ ಹಾಗೆ ಇಡಬೇಕಿತ್ತು. ಎತ್ತಿ ತೋರಿಸುತ್ತಿದ್ದ ಕೋಲು ಹೀಗೆ ಬಚ್ಚಿಡುವ ಕೋಲಾಯಿತು.

ಏಳನೇ ದಿನ, ಬುಧವಾರ

ಇಡೀ ದಿನ ಮಳೆ. ಅಕ್ಕನ ಮನೆಯಲ್ಲೇ ಇದ್ದೆ.

ಎಂಟನೇ ದಿನ, ಗುರುವಾರ

ನ್ಯೂವಾರ್ಕ್! ಬೆಳಗಿನ ಜಾವ ಭಾವನ ಕಾರಿನಲ್ಲಿ ಹೊರಟು ಎಂಟಕ್ಕೆಲ್ಲ ಅಲ್ಲಿದ್ದೆವು. 84 ಎಕರೆ ಮೈದಾನ, ಎರಡು ಸಾವಿರಕ್ಕೂ ಜಾಸ್ತಿ ಅಂಗಡಿಗಳು ಸೇರುವ ಸಂತೆ ಇದು. ನಮ್ಮ ದನಗಳ ಜಾತ್ರೆಯಷ್ಟು ಗದ್ದಲ. ಹಿಂದಿನ ದಿನದ ಮಳೆಗೆ ಕೆಸರು.

ಮೂರು ಗಂಟೆ ನಡೆದೆವು. ಐದು ಟ್ರಂಚನ್ ಕಂಡವು. ಎರಡರ ಮೇಲಿನ ಚಿತ್ರ ಕೈಯಲ್ಲಿ ಬರೆದದ್ದಲ್ಲ, ಮುದ್ರಿಸಿದ ಹಾಳೆ ಅಂಟಿಸಿ ತೆಗೆದದ್ದು. ವಿಕ್ಟೋರಿಯಾ ಕಾಲದ ಕೊನೆಯ ಕಡೆ ಹಾಗೂ ಮಾಡುತ್ತಿದ್ದರು, ತಪ್ಪಲ್ಲ, ನನಗೆ ಬೇಡ ಅಷ್ಟೇ. ಒಂದರ ಗುಳಿಗಳಲ್ಲಿ ಬಣ್ಣ ನುಣ್ಣಗೆ ಹರಿದಿತ್ತು. ಕೆಳಗಿಟ್ಟೆ. ಒಂದು ಲಿಗ್ನಮ್ ವೀಟೆಯ ಹಾಗೆ ಭಾರ ಇತ್ತು, ಅದನ್ನೂ ಇಟ್ಟೆ.

ಐದನೆಯದು ಒಬ್ಬ ಹೆಂಗಸಿನ ಅಂಗಡಿಯಲ್ಲಿ, ಕೊಡೆಗಳ ಜೊತೆ ಬಕೆಟ್ಟಿನಲ್ಲಿ ನಿಂತಿತ್ತು. 18 ಇಂಚು ಉದ್ದ. ಕಪ್ಪು ಬಣ್ಣ ಅರ್ಧಕ್ಕರ್ಧ ಸವೆದು ಕೆಳಗಿನ ಮರ, ಆಶ್ ಇರಬೇಕು, ಜೇನಿನ ಬಣ್ಣಕ್ಕೆ ತಿರುಗಿದೆ. ಮೇಲೆ ಕಿರೀಟ, ಕೆಂಪು ಇನ್ನೂ ಉಳಿದಿದೆ. ಅದರ ಕೆಳಗೆ ಡಬ್ಲ್ಯೂ, ರೋಮನ್ ನಾಲ್ಕು, ಆರ್. ನಾಲ್ಕನೇ ವಿಲಿಯಂ! ಇನ್ನೂ ಕೆಳಗೆ ಊರಿನ ಹೆಸರು ಇದ್ದ ಜಾಗ. ಮೊದಲ ಅಕ್ಷರಗಳೆಲ್ಲ ಕೈ ತಾಗಿ ತಾಗಿ ಅಳಿಸಿಹೋಗಿವೆ. ಕೊನೆಯ ಮೂರು ಅಕ್ಷರ ಮಾತ್ರ ಓದಬಹುದು: ಟಿ, ಒ, ಎನ್. ಟನ್. ಅದರ ಕೆಳಗೆ 2 ಅಂತ ನಂಬರ್.

ಟನ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹಳ್ಳಿ, ತೋಟದ ಮನೆ. ಇಂಗ್ಲೆಂಡಿನಲ್ಲಿ ಟನ್ ಅಂತ ಮುಗಿಯುವ ಊರುಗಳಿಗೆ ಲೆಕ್ಕವಿಲ್ಲ. ನಮ್ಮ ಕಡೆ ಒಂದು ಹಳೆಯ ಬಿಲ್ಲೆ ಸಿಕ್ಕಿ ಅದರ ಮೇಲೆ ಬರೀ ಹಳ್ಳಿ ಅಂತ ಉಳಿದಿದ್ದರೆ ಹೇಗೋ ಹಾಗೆ.

ಗುಳಿಗಳನ್ನು ನೋಡಿದೆ. ಮೂರೇ ಗುಳಿ, ಅಂಚಿನಲ್ಲಿ ಬಣ್ಣ ಒಡೆದಿದೆ. ಸವೆದಿರುವುದೆಲ್ಲ ಹಿಡಿದ ಕಡೆ. ಹೊಡೆದಿದ್ದಕ್ಕಿಂತ ಹಿಡಿದು ಓಡಾಡಿದ್ದೇ ಜಾಸ್ತಿ ಇರುವ ಕೋಲು. 1830ರಿಂದ 37 ಅಂದರೆ ಸಮಾಧಾನದ ಕಾಲವೂ ಅಲ್ಲ. 1830ರಲ್ಲಿ ಕೂಲಿ ರೈತರು ಕೆಲಸ ಕಸಿದ ಒಕ್ಕಣೆ ಯಂತ್ರಗಳನ್ನು ಒಡೆದರು. 1831ರ ಅಕ್ಟೋಬರ್‌ನಲ್ಲಿ ಮತದಾನ ಸುಧಾರಣೆಯ ಮಸೂದೆ ಬಿದ್ದುಹೋಯಿತು ಅಂತ ಜನ ಇಲ್ಲೇ ಹತ್ತಿರದ ನಾಟಿಂಗ್‌ಹ್ಯಾಮ್ ಕೋಟೆಗೆ ಬೆಂಕಿ ಇಟ್ಟರು. ಅದೇ ವರ್ಷ ಸ್ಪೆಷಲ್ ಕಾನ್‌ಸ್ಟೆಬಲ್‌ಗಳ ಕಾಯ್ದೆ ಬಂತು. ಈ ಎರಡನೇ ನಂಬರಿನವನು ಯಾರ ಎದುರು ನಿಂತಿದ್ದನೋ. ಅವನ ಅಣ್ಣತಮ್ಮಂದಿರೇ ಎದುರಿಗೆ ಇದ್ದಿರಬಹುದು.

180 ಪೌಂಡ್ ಹೇಳಿದರು. 150ಕ್ಕೆ ಕೊಟ್ಟರು. ರಸೀದಿಯಲ್ಲಿ ನಾಲ್ಕನೇ ವಿಲಿಯಂ ಕಾಲದ್ದು, ನೂರು ವರ್ಷ ದಾಟಿದ್ದು ಅಂತ ಬರೆಸಿಕೊಂಡೆ. ಕಾರಿನವರೆಗೂ ಸುತ್ತಿಕೊಂಡೇ ತಂದೆ, ಅಲ್ಲಿನ ಕಾನೂನಿನಲ್ಲಿ ಇಂಥದ್ದನ್ನು ಬೀದಿಯಲ್ಲಿ ಸರಿಯಾದ ಕಾರಣವಿಲ್ಲದೆ ಹಿಡಿದು ಓಡಾಡುವುದು ಅಪರಾಧ.

ಒಂಬತ್ತನೇ ದಿನ, ಶುಕ್ರವಾರ

ಪ್ಯಾಕಿಂಗ್. ಕೋಲನ್ನು ತೊಳೆಯಲಿಲ್ಲ, ಎಣ್ಣೆ ಹಚ್ಚಲಿಲ್ಲ, ಮೆತ್ತನೆಯ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆದೆ. ಹಳೆಯ ವಾರ್ನಿಷ್ ಹಳದಿಗಟ್ಟಿದ್ದರೆ ಹಾಗೇ ಇರಲಿ, ಅದನ್ನು ತೆಗೆಯಲು ಹೋದವರು ಚಿತ್ರವನ್ನೂ ಕಳೆದುಕೊಂಡಿದ್ದಾರೆ. ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಬಬಲ್ ರ‍್ಯಾಪ್, ಚೆಕ್‌-ಇನ್ ಸೂಟ್‌ಕೇಸಿನ ನಡುವೆ ಇಟ್ಟೆ. ಕೈಬ್ಯಾಗಿನಲ್ಲಿ ಬಿಡುವುದಿಲ್ಲ.

ಸೂಟ್‌ಕೇಸ್ ಮುಚ್ಚುವ ಮೊದಲು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ರಿಪನ್‌ನ ಕೊಂಬನ್ನೂ ಕೇಳಿಸಿದೆ. ಅಮ್ಮ ಕಿರೀಟದ ಬಗ್ಗೆ ಏನೂ ಹೇಳಲಿಲ್ಲ. "ಅಜ್ಜನ ಕೋಲು ಇದಕ್ಕಿಂತ ಉದ್ದ ಇತ್ತು, ಎದೆ ಮಟ್ಟ ಬರ್ತಿತ್ತು" ಅಂದರು. ಆಮೇಲೆ, "ಇದು ಯಾವೂರ ತಳವಾರನದಪ್ಪಾ?" ಅಂತ ಕೇಳಿದರು.

ಅಕ್ಕ ನಾಟಿಂಗ್‌ಹ್ಯಾಮ್‌ಶೈರಿನ ನಕಾಶೆ ತೆರೆದು ಟನ್ ಅಂತ ಮುಗಿಯುವ ಊರುಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಕೂತಿದ್ದಳು. ನಾನು ವಿಮಾನಕ್ಕೆ ಹೊರಡುವ ಹೊತ್ತಿಗೆ 31 ಆಗಿದ್ದವು, ಪಕ್ಕದ ಲಿಂಕನ್‌ಶೈರನ್ನು ಇನ್ನೂ ಶುರು ಮಾಡಿರಲಿಲ್ಲ.